ದವಡೆಗೆ ತಂತಿ ಬಿಗಿದಿದ್ದಾಗ

ನನ್ನ ದವಡೆ ಮುರಿದದ್ದು ಕಡಲೆಯ ಸುಗ್ಗಿಯಲ್ಲಿ. ಆಗ ನನಗೆ ಮದುವೆಯಾಗಿ ಎರಡು ತಿಂಗಳೂ ತುಂಬಿರಲಿಲ್ಲ. ರೋಣದಲ್ಲಿ ನಮ್ಮ ಮನೆ. ಅಲ್ಲಿಂದ ದಿನಾ ಬೈಕಿನಲ್ಲಿ ಗಜೇಂದ್ರಗಡದ ದಾರಿಯಲ್ಲಿರುವ ಒಂದು ಹೈಸ್ಕೂಲಿಗೆ ಹೋಗಿ ವಿಜ್ಞಾನ ಕಲಿಸುತ್ತಿದ್ದೆ. ಹೆಂಡತಿ ನರಗುಂದದವಳು. ಮದುವೆಯಾದ ಮೇಲೆ ರೋಣದ ಒಂದು ಕಾಲೇಜಿನಲ್ಲಿ ವಾಣಿಜ್ಯದ ಪಾಠ ಹೇಳುವ ಕೆಲಸಕ್ಕೆ ಸೇರಿದ್ದಳು. ಮನೆಯಲ್ಲಿ ನಾವಿಬ್ಬರು ಮತ್ತು ನನ್ನ ಅವ್ವ.

ಹಿರಿಯರು ನೋಡಿ ಮಾಡಿದ ಮದುವೆ. ಇಬ್ಬರೂ ಶಾಲೆ-ಕಾಲೇಜಿನಲ್ಲಿ ಗಂಟೆಗಟ್ಟಲೆ ಮಾತಾಡುವವರಾದರೂ ಮನೆಗೆ ಬಂದರೆ ಮಾತು ಹೊರಡುತ್ತಿರಲಿಲ್ಲ. "ಚಾ ಕುಡಿತೀರೇನ್ರಿ?", "ಹ್ಞೂಂ", "ಪಾಠ ಮುಗೀತೇನು?", "ಮುಗೀತ್ರಿ". ಅಲ್ಲಿಗೆ ಮುಗಿಯುತ್ತಿತ್ತು. ಅವಳ ಬಗ್ಗೆ ನನಗೆ ಖಾತ್ರಿಯಾಗಿ ಗೊತ್ತಿದ್ದ ಸಂಗತಿ ಒಂದೇ. ಅವಳಿಗೆ ತಿನ್ನುವುದು ಗಟ್ಟಿಯಾಗಿರಬೇಕು. ಬಿಸಿ ರೊಟ್ಟಿ ಮುಂದಿದ್ದರೂ ಕೈ ಹೋಗುವುದು ಡಬ್ಬಿಯಲ್ಲಿ ಒಣಗಿಸಿಟ್ಟ ಖಡಕ್ ರೊಟ್ಟಿಗೆ. ಅದರ ಜೊತೆ ಹಸಿ ಮೂಲಂಗಿ, ಉಳ್ಳಾಗಡ್ಡಿ, ಎಳೆ ಸವತಿಕಾಯಿ. ಅವಳು ಊಟಕ್ಕೆ ಕೂತರೆ ಪಡಸಾಲೆಯಲ್ಲಿದ್ದವರಿಗೂ ಗೊತ್ತಾಗುತ್ತಿತ್ತು. ಅವ್ವ ನಕ್ಕು, "ನಿಮ್ಮ ನರಗುಂದದ ಮಂದಿ ಹಲ್ಲು ಕಬ್ಬಿಣದ್ದೇನವಾ?" ಎಂದು ಕೇಳಿದ್ದಳು. ಇವಳು ನಾಚಿಕೊಂಡರೂ ಸದ್ದೇನೂ ಕಡಿಮೆಯಾಗಿರಲಿಲ್ಲ.

ಆ ದಿನ ಸಂಜೆ ಶಾಲೆಯಿಂದ ಬರುತ್ತಿದ್ದೆ. ಒಂದು ತಿರುವಿನಲ್ಲಿ ರೈತರು ರಸ್ತೆಯ ಮೇಲೆ ಕಿತ್ತ ಕಡಲೆ ಗಿಡ ಹರವಿದ್ದರು. ಓಡಾಡುವ ಗಾಡಿಗಳ ಗಾಲಿಗೆ ಸಿಕ್ಕು ಕಾಳು ಬಿಡಲಿ ಅಂತ ಎಲ್ಲರೂ ಮಾಡುವುದೇ. ನಾನೂ ದಿನಾ ಅಂಥದರ ಮೇಲೆ ಹಾಯ್ದು ಬರುತ್ತಿದ್ದವನೇ. ಅಂದು ಮಾತ್ರ ಗಾಲಿ ಜಾರಿತು. ಬೈಕು ಒಂದು ಕಡೆ, ನಾನು ಒಂದು ಕಡೆ. ಗದ್ದ ಮೊದಲು ಡಾಂಬರಿಗೆ ಬಡಿಯಿತು. ಎದ್ದು ಕೂತು ಬಾಯಿ ಮುಚ್ಚಲು ನೋಡಿದರೆ ಹಲ್ಲಿಗೆ ಹಲ್ಲು ಕೂಡುತ್ತಿಲ್ಲ. ಕೆಳಗಿನ ದವಡೆ ನನ್ನದೇ ಅಲ್ಲ ಎನ್ನುವ ಹಾಗೆ ಪಕ್ಕಕ್ಕೆ ಸರಿದಿತ್ತು.

ಹಿಂದಿನಿಂದ ಬಂದ ಒಂದು ಟಂಟಂ ಆಟೋ ನಿಂತಿತು. ಅದರ ತುಂಬ ಹತ್ತಿ. ಗಜೇಂದ್ರಗಡದಲ್ಲಿ ಗಾದಿ ಹೊಲಿಯುವ ಒಬ್ಬ ಮುಸಲ್ಮಾನ ಹಿರಿಯರು ಇಳಿದು ಬಂದರು. "ಮಾತಾಡಬ್ಯಾಡ್ರಿ ಸರ್ರ, ಮಾತಾಡಬ್ಯಾಡ್ರಿ" ಎನ್ನುತ್ತ ತಮ್ಮ ಹೆಗಲ ಮೇಲಿನ ಟವೆಲನ್ನು ನನ್ನ ಗದ್ದದ ಕೆಳಗಿಂದ ತಲೆಯ ಮೇಲಕ್ಕೆ ಹಾಯಿಸಿ ಕಟ್ಟಿದರು. ಆ ಹತ್ತಿಯ ರಾಶಿಯ ಮೇಲೇ ನನ್ನನ್ನು ಮಲಗಿಸಿಕೊಂಡು ರೋಣಕ್ಕೆ ತಂದರು. ಹೆಂಡತಿ ಕಾಲೇಜಿನಿಂದ ಹಾಗೇ ದವಾಖಾನೆಗೆ ಓಡಿ ಬಂದಿದ್ದಳು. ನಾನು ಮೈಗೆಲ್ಲ ಹತ್ತಿ ಅಂಟಿಸಿಕೊಂಡು, ತಲೆಗೆ ಟವೆಲು ಕಟ್ಟಿಕೊಂಡು ಇಳಿದದ್ದನ್ನು ನೋಡಿ ಅಳಬೇಕೋ ನಗಬೇಕೋ ತಿಳಿಯಲಿಲ್ಲ ಎಂದು ಆಮೇಲೆ ಹೇಳಿದಳು. ಆಗಂತೂ ಅತ್ತಳು.

ಅಲ್ಲಿಂದ ಹುಬ್ಬಳ್ಳಿಗೆ ಕಳಿಸಿದರು. ದವಡೆ ಎರಡು ಕಡೆ ಮುರಿದಿತ್ತು. ವೈದ್ಯರು ಮೇಲಿನ ಹಲ್ಲುಸಾಲನ್ನೂ ಕೆಳಗಿನದನ್ನೂ ತೆಳ್ಳನೆಯ ತಂತಿಯಿಂದ ಒಂದಕ್ಕೊಂದು ಸೇರಿಸಿ ಬಿಗಿದರು. ಎಲುಬು ಕೂಡುವತನಕ, ಅಂದರೆ ಒಂದೂವರೆ ತಿಂಗಳು, ಬಾಯಿ ತೆರೆಯುವಂತಿಲ್ಲ. ತುಟಿ ಆಡಿಸಬಹುದು, ಹಲ್ಲಿನ ಹಿಂದೆ ಸಿಕ್ಕುಬಿದ್ದ ನಾಲಿಗೆಯಿಂದ ಏನೋ ಒಂದಿಷ್ಟು ಮಾತಾಡಬಹುದು. ತಿನ್ನುವುದು ಇಲ್ಲ, ಕುಡಿಯುವುದಷ್ಟೇ. ಕೊನೆಯ ಹಲ್ಲಿನ ಹಿಂದೆ ಒಂದು ಸಂದು ಇರುತ್ತದೆ. ಅಲ್ಲಿಗೆ ಸಣ್ಣ ರಬ್ಬರು ನಳಿಕೆ ತಗುಲಿಸಿದ ಸಿರಿಂಜಿನಿಂದ ತೆಳ್ಳಗಿನದು ಏನಾದರೂ ಬಿಡಬೇಕು.

ಹೊರಡುವಾಗ ವೈದ್ಯರು ನನ್ನ ಹೆಂಡತಿಯ ಕೈಗೆ ಒಂದು ಕಟಿಂಗ್ ಪ್ಲೇಯರ್ ಕೊಟ್ಟರು. ನನಗೆ ವಾಂತಿಯಾಗಿ ಉಸಿರು ಕಟ್ಟಿದರೆ ಕೂಡಲೇ ತಂತಿ ಕತ್ತರಿಸಬೇಕು, ಇದು ಯಾವಾಗಲೂ ಕೈಗೆ ಸಿಗುವಂತಿರಬೇಕು ಎಂದರು. ಮನೆಗೆ ಬಂದವಳೇ ಪಕ್ಕದ ಮನೆಯವರು ಕಟ್ಟಡಕ್ಕೆ ತಂದಿಟ್ಟ ಬೈಂಡಿಂಗ್ ತಂತಿ ಕೇಳಿ ತಂದು ಕತ್ತರಿಸಿ ಕತ್ತರಿಸಿ ಕೈ ರೂಢಿ ಮಾಡಿಕೊಂಡಳು. ಕಾಲೇಜಿಗೆ ಹೋಗುವಾಗ ಅದನ್ನು ಅವ್ವನ ಉಡಿಯಲ್ಲಿ ಹಾಕುವಳು. "ಅತ್ತಿ, ಹಿಂಗ ಹಿಡೀಬೇಕ್ರಿ, ಹಿಂಗ ಒತ್ತಬೇಕು" ಎಂದು ದಿನಾ ಹೇಳಿಕೊಡುವಳು. ಅವ್ವ ಪ್ಲೇಯರ್ ಹಿಡಿದು ನನ್ನನ್ನೇ ನೋಡುತ್ತ ಕೂತರೆ ನನಗೆ ಎರಡು ಸಲ ಕೆಮ್ಮಲೂ ಹೆದರಿಕೆ.

ಮೊದಲ ದಿನಗಳು ಹಾಲು, ಮಜ್ಜಿಗೆ, ಹೆಸರುಬೇಳೆಯ ಕಟ್ಟು, ಹಣ್ಣಿನ ರಸದಲ್ಲಿ ಕಳೆದವು. ಅವ್ವನಿಗೆ ಇದು ಊಟ ಅನ್ನಿಸಲಿಲ್ಲ. "ರೊಟ್ಟಿ ಇಲ್ದ ಮೈಯಾಗ ತಾಕತ್ ಹ್ಯಾಂಗ ಬರ್ತೈತಿ?" ಎಂದು ಒಂದು ಮಧ್ಯಾಹ್ನ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ, ಒಂದು ಚಮಚ ತುಪ್ಪ, ಎಲ್ಲವನ್ನೂ ಮಿಕ್ಸಿಗೆ ಹಾಕಿ, ಬೇಳೆಯ ಕಟ್ಟು ಬೆರೆಸಿ ರುಬ್ಬಿದಳು. ತೆಳು ಬಟ್ಟೆಯಲ್ಲಿ ಸೋಸಿ ಲೋಟಕ್ಕೆ ಹಾಕಿ ತಂದಳು. ಬಣ್ಣ ಮಣ್ಣಿನದು. ಸಿರಿಂಜಿನಲ್ಲಿ ಬಿಟ್ಟರೆ ನಾಲಿಗೆಗೆ ಜೋಳ ತಿಳಿಯಿತು, ಬದನೆಕಾಯಿ ತಿಳಿಯಿತು, ಶೇಂಗಾ, ಬೆಳ್ಳುಳ್ಳಿ ಎಲ್ಲ ತಿಳಿಯಿತು. ಆದರೂ ರೊಟ್ಟಿ ತಿಂದ ಹಾಗಾಗಲಿಲ್ಲ. ಯಾರೋ ಊಟ ಮಾಡಿ ಬಂದು ಅದರ ವರದಿ ಹೇಳಿದಂತಿತ್ತು.

ರುಚಿ ನಾಲಿಗೆಯ ವಿಷಯ, ವಾಸನೆ ಮೂಗಿನ ವಿಷಯ ಎಂದು ಎಂಟನೆಯ ತರಗತಿಗೆ ಎಷ್ಟು ವರ್ಷದಿಂದ ಪಾಠ ಮಾಡಿದ್ದೆನೋ. ಹಲ್ಲಿಗೂ ಅದರಲ್ಲಿ ಪಾಲಿದೆ ಎಂಬುದು ಹಲ್ಲನ್ನು ಕಟ್ಟಿಹಾಕಿದ ಮೇಲೆ ಗೊತ್ತಾಯಿತು. ರೊಟ್ಟಿ ಅಂದರೆ ಜೋಳದ ರುಚಿಯಷ್ಟೇ ಅಲ್ಲ. ಮೊದಲು ಅದು ತಡೆಯುತ್ತದೆ, ಆಮೇಲೆ ಮುರಿಯುತ್ತದೆ. ಮುರಿದ ಚೂರು ಎಂಜಲಿನಲ್ಲಿ ನೆನೆದು ನೆನೆದು ಮೆತ್ತಗಾಗುತ್ತದೆ, ನುರಿದಂತೆಲ್ಲ ಸಿಹಿಯಾಗುತ್ತದೆ. ಒಂದು ತುತ್ತಿನಲ್ಲಿ ಇಷ್ಟೆಲ್ಲ ನಡೆಯುತ್ತದೆ. ಅವ್ವನ ಲೋಟದಲ್ಲಿ ಎಲ್ಲವೂ ಮೊದಲೇ ಮುಗಿದುಹೋಗಿತ್ತು. ಪಾಪ, ಅವಳು ಮುಖ ನೋಡುತ್ತ ನಿಂತಿದ್ದಳು. "ಚಲೋ ಆಗೈತಿ" ಎಂದೆ. ಅವಳಿಗೆ ಕೇಳಿಸಿದ್ದು "ಸಲೋ ಆಹೈಹಿ". ಅಷ್ಟಕ್ಕೇ ಖುಷಿಪಟ್ಟು ಇನ್ನೊಂದು ಲೋಟ ತಂದಳು.

ಈ ನಡುವೆ ಮನೆಯಲ್ಲಿ ಇನ್ನೊಂದು ಬದಲಾವಣೆ ಆಗಿತ್ತು. ನನಗೆ ಅದು ತಿಳಿಯಲು ತುಸು ದಿನ ಬೇಕಾಯಿತು. ಮನೆ ಸಪ್ಪಳವಿಲ್ಲದೆ ಇತ್ತು. ಹೆಂಡತಿ ಮಧ್ಯಾಹ್ನ ಕಾಲೇಜಿನಿಂದ ಬಂದು ನನಗೆ ಕುಡಿಸುವಳು, ಸಿರಿಂಜು ತೊಳೆದಿಡುವಳು, ಆಮೇಲೆ ಕಾಣಿಸುತ್ತಿರಲಿಲ್ಲ. ಊಟ ಯಾವಾಗ ಮಾಡುತ್ತಾಳೆ, ಎಲ್ಲಿ ಮಾಡುತ್ತಾಳೆ ಗೊತ್ತೇ ಇಲ್ಲ. ಒಂದು ದಿನ ಹಿತ್ತಲ ಕಡೆಯ ಕಿಟಕಿಯಿಂದ ನೋಡಿದೆ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಉಣ್ಣುತ್ತಿದ್ದಳು. ಗಂಗಾಳದಲ್ಲಿ ಖಡಕ್ ರೊಟ್ಟಿಯನ್ನು ಬೇಳೆಸಾರಿನಲ್ಲಿ ಮುಳುಗಿಸಿ, ಅದು ಪೂರ್ತಿ ನೆನೆದು ಜೋತುಬೀಳುವವರೆಗೆ ಕಾಯುತ್ತಿದ್ದಳು. ಅಷ್ಟಾದ ಮೇಲೆ ಬಾಯಿ ಮುಚ್ಚಿಕೊಂಡು ಸಪ್ಪಳಾಗದ ಹಾಗೆ ನುಂಗುತ್ತಿದ್ದಳು. ಮೂಲಂಗಿ ಇಲ್ಲ, ಸವತಿಕಾಯಿ ಇಲ್ಲ.

ಬಾಗಿಲು ತೆಗೆದು ಹೊರಗೆ ಹೋದೆ. ಅವಳು ಗಾಬರಿಯಾಗಿ ಎದ್ದಳು.

"ಏನಾತ್ರಿ? ವಾಂತಿ ಬಂದಂಗ ಆಗೇತೇನು?"

ಅಲ್ಲ ಎಂದು ತಲೆಯಾಡಿಸಿದೆ. ಗಂಗಾಳದ ಕಡೆ ಕೈ ಮಾಡಿ, "ಯಾಕ ಹಿಂಗ?" ಎಂದೆ.

ಅವಳಿಗೆ ನನ್ನ ಮಾತು ಉಳಿದವರಿಗಿಂತ ಬೇಗ ತಿಳಿಯುತ್ತಿತ್ತು. ತಲೆ ತಗ್ಗಿಸಿ, "ನಿಮಗ ಅಗಿಯಾಕ ಬರಂಗಿಲ್ಲ. ನಿಮ್ಮ ಮುಂದ ಕೂತು ಕಟಂ ಕಟಂ ಅಂತ ತಿನ್ನಾಕ ನನಗ ಮನಸ್ ಹ್ಯಾಂಗ ಬರ್ತೈತ್ರಿ?" ಎಂದಳು.

ಒಳಗೆ ಹೋಗಿ ಡಬ್ಬಿಯಿಂದ ಒಂದು ಖಡಕ್ ರೊಟ್ಟಿ ತಂದು ಅವಳ ಕೈಗೆ ಕೊಟ್ಟೆ. "ತಿನ್ನು. ನನಗ ಕೇಳಬೇಕು" ಎಂದೆ.

"ಏನ್ ಕೇಳಬೇಕು?"

"ಸಪ್ಪಳ."

ಅವಳು ನನ್ನನ್ನೇ ನೋಡಿದಳು. ರೊಟ್ಟಿಯ ಅಂಚು ಮುರಿದು ಬಾಯಿಗಿಟ್ಟಳು. ನಾಚಿಕೆಯಿಂದ ಮೊದಲು ಮೆಲ್ಲಗೆ, ಆಮೇಲೆ ತನ್ನ ಪದ್ಧತಿಯಂತೆ. ಆ ಸಪ್ಪಳ ಕೇಳಿ ನನ್ನ ಬಾಯಲ್ಲಿ ನೀರು ತುಂಬಿತು. ಹೊಟ್ಟೆಕಿಚ್ಚಾಗಲಿಲ್ಲ, ಆಸರೆಯಾಯಿತು. ಮನೆಯಲ್ಲಿ ಯಾರೋ ಒಬ್ಬರಾದರೂ ಸರಿಯಾಗಿ ಊಟ ಮಾಡುತ್ತಿದ್ದಾರೆ ಎನ್ನುವ ಆಸರೆ.

ಅಂದಿನಿಂದ ಅವಳು ನನ್ನ ಎದುರೇ ಕೂತು ಉಣ್ಣತೊಡಗಿದಳು. ಅದೊಂದು ಆಟವೇ ಆಯಿತು. ನಾನು ಕಣ್ಣು ಮುಚ್ಚುವುದು, ಅವಳು ಏನೋ ಒಂದು ಕಚ್ಚುವುದು, ನಾನು ಹೇಳುವುದು. ಸವತಿಕಾಯಿ ನೀರು ತುಂಬಿದ್ದು, ಒಂದೇ ಪೆಟ್ಟಿಗೆ 'ಟಕ್' ಎಂದು ಸೀಳುತ್ತದೆ. ರೊಟ್ಟಿ ಒಣಗಿದ್ದು, ಒಳಗೆಲ್ಲ ಗಾಳಿಯ ಪದರ, ಅದಕ್ಕೇ ಒಂದರ ಹಿಂದೊಂದು ಸಣ್ಣ ಸಪ್ಪಳ ಬರುತ್ತದೆ. ಡಬ್ಬಿಯ ಮುಚ್ಚಳ ಸಡಿಲಾದ ದಿನದ ರೊಟ್ಟಿ ಮಾತ್ರ ಮಳೆಗಾಲದ ರೊಟ್ಟಿಯಂತೆ ಮಂಕಾಗಿ ಕೇಳುತ್ತಿತ್ತು. "ಇವತ್ತಿನ ರೊಟ್ಟಿ ಹಸಿ ಹಿಡದೈತಿ" ಎಂದರೆ ಅವಳು ಬೆರಗಾಗಿ, "ಖರೇ ಹೇಳಿದ್ರಿ" ಎನ್ನುವಳು. ಹುರಿಗಡಲೆಗೂ ಹುರಿದ ಶೇಂಗಾಕ್ಕೂ ವ್ಯತ್ಯಾಸ ಹೇಳಲು ಮಾತ್ರ ನನಗೆ ಬಹಳ ದಿನ ಆಗಲಿಲ್ಲ. ಅವಳು ಅದನ್ನೇ ತಂದು ಸೋಲಿಸುವಳು. ಹೀಗೆ ಆಡುತ್ತ ಆಡುತ್ತ ಮಾತು ಬಂತು. ನರಗುಂದದಲ್ಲಿ ಅವಳ ಅಜ್ಜಿ ಹಸಿ ಕಡಲೆಯನ್ನು ಕೆಂಡದಲ್ಲಿ ಸುಡುತ್ತಿದ್ದದ್ದು, ಗುಡ್ಡ ಹತ್ತುವಾಗ ಗೆಳತಿಯರು ಪೇರಲಹಣ್ಣು ಹಂಚಿಕೊಂಡದ್ದು, ಇವಳ ಪಾಲಿಗೆ ಯಾವಾಗಲೂ ಕಾಯಿಯೇ ಬೇಕಾಗಿದ್ದದ್ದು. ಹಲ್ಲಿಗೆ ತಂತಿ ಬಿಗಿಸಿಕೊಂಡ ಮೇಲೆ ನಾನು ಹೆಂಡತಿಯ ಜೊತೆ ಮಾತಾಡಲು ಕಲಿತೆ.

ಆದರೆ ಮೈ ಸೊರಗುತ್ತ ಹೋಯಿತು. ಬೆಲ್ಟಿಗೆ ಹೊಸ ತೂತು ಹಾಕಬೇಕಾಯಿತು. ಅವ್ವನ ಜೋಳದ ಅಂಬಲಿಯೇ ಇದಕ್ಕೆ ತಕ್ಕದ್ದು ಎನಿಸಿತ್ತು, ಆದರೆ ಅದರದೊಂದು ತಕರಾರು. ಹಿಟ್ಟು ಹೆಚ್ಚು ಹಾಕಿದರೆ ಅಂಬಲಿ ಗಟ್ಟಿಯಾಗುತ್ತದೆ, ತುಸು ಆರಿದರೂ ಅಂಟಿನ ಹಾಗೆ ನಳಿಕೆಯಲ್ಲಿ ನಿಲ್ಲುತ್ತದೆ. ತೆಳ್ಳಗೆ ಮಾಡಿದರೆ ಹೊಟ್ಟೆ ತುಂಬ ನೀರೇ ಆಗುತ್ತದೆ. ಕುಡಿದು ಅರ್ಧ ಗಂಟೆಗೆ ಮತ್ತೆ ಹಸಿವು.

ಒಂದು ಸಂಜೆ ನಳಿಕೆಯಲ್ಲಿ ನಿಂತ ಅಂಬಲಿಯನ್ನು ಹೆಂಡತಿ ಕಡ್ಡಿಯಿಂದ ತೆಗೆಯುತ್ತಿದ್ದಳು. ನೋಡುತ್ತ ಕೂತ ನನಗೆ ತರಗತಿಯ ಪಾಠ ನೆನಪಾಯಿತು. ಗಂಜಿಯಲ್ಲಿ ಪಿಷ್ಟ ಇರುತ್ತದೆ. ಉದ್ದುದ್ದ ಸರಪಳಿಗಳು ಒಂದಕ್ಕೊಂದು ತೊಡಕಿಕೊಂಡು ನೀರನ್ನು ಹಿಡಿದಿಡುತ್ತವೆ, ಅದಕ್ಕೇ ಗಟ್ಟಿ. ನಮ್ಮ ಜೊಲ್ಲು ಅದನ್ನು ತುಂಡರಿಸುತ್ತದೆ. ಅನ್ನ ಅಗಿದಷ್ಟೂ ಸಿಹಿಯಾಗುವುದು ಅದರಿಂದಲೇ. ನಾನು ಉತ್ಸಾಹದಿಂದ "ಜೊಲ್ಲು! ಜೊಲ್ಲು!" ಎಂದೆ.

ಅವಳು ತಟ್ಟನೆ ಟವೆಲು ತಂದು ನನ್ನ ಗದ್ದ ಒರೆಸಿದಳು.

"ಅದಲ್ಲ, ಜೊಲ್ಲು!"

"ಒರಸೇನಲ್ರಿ. ಇನ್ನೆಲ್ಲೈತಿ?"

ಕಡೆಗೆ ಕೈಬಾಯಿ ಎಲ್ಲ ಬಳಸಿ ತಿಳಿಸಿದೆ. ಜೊಲ್ಲಿನಲ್ಲಿರುವಂಥದ್ದೇ ಪದಾರ್ಥ ಮೊಳಕೆ ಬಂದ ಕಾಳಿನಲ್ಲೂ ಇರುತ್ತದೆ, ಸಸಿ ತನ್ನ ಊಟಕ್ಕೆ ಕಾಳಿನ ಪಿಷ್ಟವನ್ನು ಕರಗಿಸಿಕೊಳ್ಳುವುದು ಅದರಿಂದ ಎಂದೆ. ಅವಳು ಕಡ್ಡಿ ಕೆಳಗಿಟ್ಟಳು. "ತಡೀರಿ. ನಮ್ಮಕ್ಕ ಕೂಸಿಗೆ ಮೊಳಕಿ ಗೋಧಿ ಒಣಗಿಸಿ ಬೀಸಿದ ಹಿಟ್ಟಿಂದ ಗಂಜಿ ಮಾಡ್ತಾಳ. ಎಷ್ಟ್ ಹಿಟ್ಟು ಹಾಕಿದ್ರೂ ಗಟ್ಟಿ ಆಗವಲ್ದು, ನೀರಾಗತೈತಿ ಅಂತ ಬೈಕೊಂತಿದ್ಲು" ಎಂದಳು. ಆಗಲೇ ಅಕ್ಕನಿಗೆ ಫೋನು ಹೋಯಿತು. ಮರುದಿನ ನರಗುಂದದಿಂದ ಬಸ್ಸಿನಲ್ಲಿ ಹಿಟ್ಟಿನ ಡಬ್ಬಿ ಬಂತು.

ಅವ್ವ ಚಮಚ ನೆಟ್ಟಗೆ ನಿಲ್ಲುವಷ್ಟು ಗಟ್ಟಿ ಅಂಬಲಿ ಮಾಡಿದಳು. ಕುದಿಯುವಾಗಲೇ ಮೊಳಕೆ ಹಿಟ್ಟು ಹಾಕಿದರೆ ಅದರ ಗುಣ ಸಾಯುತ್ತದೆ, ತುಸು ಆರಲಿ ಎಂದು ತಡೆದೆ. ಬೆರಳಿಗೆ ತಾಳುವಷ್ಟು ಬಿಸಿ ಉಳಿದಾಗ ಹೆಂಡತಿ ಒಂದು ಚಮಚ ಹಿಟ್ಟು ಉದುರಿಸಿ ತಿರುವತೊಡಗಿದಳು. ಮೊದಲು ಏನೂ ಆಗಲಿಲ್ಲ. ಅವ್ವ "ಆತಾತು ನಿಮ್ಮ ಸೈನ್ಸು" ಎಂದು ಎದ್ದಳು. ಅಷ್ಟರಲ್ಲಿ ಚಮಚ ವಾಲಿತು. ತಿರುವಿದಂತೆಲ್ಲ ಅಂಬಲಿ ಸಡಿಲಾಗುತ್ತ, ಕೊನೆಗೆ ಮಜ್ಜಿಗೆಯಂತೆ ಚಮಚದಿಂದ ಸುರಿಯತೊಡಗಿತು.

"ನೀರ ಹಾಕಿದೇನವಾ?" ಎಂದಳು ಅವ್ವ.

"ಒಂದ್ ಹನಿ ಹಾಕಿಲ್ರಿ ಅತ್ತಿ. ನಿಮ್ಮ ಕಣ್ಮುಂದನ ಐತಲ್ರಿ."

ಅವ್ವ ಪಾತ್ರೆಯನ್ನು ಎತ್ತಿ ತಳ ನೋಡಿದಳು, ಎಲ್ಲಾದರೂ ತೂತಿದೆಯೇನೋ ಎಂಬಂತೆ. ನಾಲಿಗೆಗೆ ಹಚ್ಚಿ, "ಸವಿ ಬೇರೆ ಆಗೈತಿ!" ಎಂದು ಹುಬ್ಬೇರಿಸಿದಳು. ಮತ್ತೊಂದು ಕುದಿ ಬರಿಸಿ ಆರಿಸಿ ನನಗೆ ಕುಡಿಸಿದರು. ನಳಿಕೆಯಲ್ಲಿ ಸರಾಗ ಇಳಿಯಿತು. ಅಂದು ಎಷ್ಟೋ ದಿನಗಳ ಮೇಲೆ ಹೊಟ್ಟೆ ತುಂಬಿ ಹಗಲೇ ನಿದ್ದೆ ಹೋದೆ. ಓಣಿಯ ಹೆಣ್ಣುಮಕ್ಕಳು ಬಂದಾಗಲೆಲ್ಲ ಅವ್ವ ಈ ಆಟವನ್ನು ತಾನೇ ಮಾಡಿ ತೋರಿಸತೊಡಗಿದಳು. ನನ್ನ ದವಡೆ ನೋಡಲು ಬಂದವರು ಅಂಬಲಿ ನೋಡಿಕೊಂಡು ಹೋಗುತ್ತಿದ್ದರು.

ಅದೇ ವಾರ ಗಾದಿಯ ಚಾಚಾ ನನ್ನನ್ನು ನೋಡಲು ಬಂದರು. ಕೈಯಲ್ಲಿ ಹೊಸ ಹತ್ತಿಯ ಒಂದು ತಲೆದಿಂಬು. "ಒತ್ತಿ ನೋಡ್ರಿ ಸರ್ರ. ಭಾಳ ತುಂಬಿದ್ರ ಕಲ್ಲಾಗತೈತಿ, ಕಮ್ಮಿ ತುಂಬಿದ್ರ ತಲಿ ನೆಲಕ್ಕ ಹತ್ತತೈತಿ. ನಿಮ್ಮ ಗದ್ದಕ್ಕ ಅಂತ ಅಂದಾಜ್ ಹಿಡದು ತುಂಬೇನಿ" ಎಂದರು. ಅವ್ವ ಅವರಿಗೆ ಚಹಾ ಕೊಟ್ಟು, ಹಿಂದೆಯೇ ಅಂಬಲಿಯ ಪಾತ್ರೆಯನ್ನೂ ತಂದಳು. ಅವರು ಪೂರ್ತಿ ನೋಡಿ, ಒಂದು ಲೋಟ ಕುಡಿದೇ ಹೋದರು.

ಯುಗಾದಿ ಬಂತು. ನಮ್ಮ ಕಡೆ ಬೇವು ಕುಡಿಯುವಂಥದ್ದಾದ್ದರಿಂದ ನನಗೂ ಹಬ್ಬ ದಕ್ಕಿತು. ಬೆಲ್ಲದ ನೀರು, ಮಾವಿನಕಾಯಿ, ಬೇವಿನ ಹೂವು, ಹುರಿಗಡಲೆ ಹಿಟ್ಟು ಬೆರೆಸಿದ್ದನ್ನು ಹೆಂಡತಿ ಸೋಸಿ ಕುಡಿಸಿದಳು. ಹೋಳಿಗೆಯನ್ನು ಮಿಕ್ಸಿಗೆ ಹಾಕಲು ಅವ್ವ ಹೊರಟಾಗ ನಾನೂ ಹೆಂಡತಿಯೂ ಕೂಡಿ ತಡೆದೆವು.

ಹಬ್ಬವಾದ ಕೆಲವು ದಿನಕ್ಕೆ ಹುಬ್ಬಳ್ಳಿಯಲ್ಲಿ ತಂತಿ ಬಿಚ್ಚಿದರು. ಬಿಚ್ಚಿದ ಕೂಡಲೇ ಬಾಯಿ ತೆರೆಯುತ್ತದೆ ಎಂದುಕೊಂಡಿದ್ದೆ. ಬೆರಳು ಹೋಗುವಷ್ಟೂ ತೆರೆಯಲಿಲ್ಲ. ಕೆಲಸವಿಲ್ಲದೆ ದವಡೆಯ ಸ್ನಾಯು ಬಿಗಿದುಕೊಂಡಿತ್ತು. ಐಸ್‌ಕ್ರೀಮಿನ ಕಟ್ಟಿಗೆ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟು, ದಿನಕ್ಕೆ ಒಂದೊಂದು ಹೆಚ್ಚಿಸುತ್ತ ಹೋಗಲು ಹೇಳಿದರು. ಹೆಂಡತಿ ಎದುರು ಕೂತು ಕಡ್ಡಿ ತೂರಿಸುವಳು. ನೋವಿಗೆ ಕಣ್ಣಲ್ಲಿ ನೀರು ಬಂದರೆ ತಾನೂ ತನ್ನ ಬಾಯಿ ತೆರೆದುಕೊಂಡು ಕೂರುವಳು, ಅದರಿಂದ ನನ್ನದು ತೆರೆಯುತ್ತದೆ ಎನ್ನುವ ಹಾಗೆ. ಇಬ್ಬರೂ ಬಾಯಿ ತೆರೆದು ಕೂತಿದ್ದನ್ನು ನೋಡಿ ಅವ್ವ ಸೆರಗು ಬಾಯಿಗೆ ಹಚ್ಚಿ ನಗುತ್ತ ಹೊರಗೆ ಹೋಗುವಳು.

ಮೊದಲು ಅಗಿದದ್ದು ಅವ್ವ ಮಾಡಿದ ಮುಟಗಿ. ದಪ್ಪಗೆ ಬಡಿದ ರೊಟ್ಟಿಯನ್ನು ಬಿಸಿ ಇರುವಾಗಲೇ ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಕುಟ್ಟಿ, ತುಪ್ಪ ಬಿಟ್ಟು ಮುಷ್ಟಿಯಲ್ಲಿ ಒತ್ತಿ ಉಂಡೆ ಮಾಡುವುದು. ಖಾರ ಬೇಡವೆಂದು ಮೆಣಸಿನಕಾಯಿ ಬಿಟ್ಟಿದ್ದಳು. ಅಡಿಕೆಯಷ್ಟು ಮುರಿದು ನಾಲಿಗೆಯ ಮೇಲಿಟ್ಟಳು. ಹಲ್ಲು ಅದರೊಳಗೆ ಇಳಿಯಿತು. ತುಸುವೇ ತಡೆಯಿತು, ಆಮೇಲೆ ಒಪ್ಪಿಕೊಂಡು ಹರಡಿತು. ಎರಡೇ ತುತ್ತಿಗೆ ದವಡೆ ದಣಿದು ಕಪಾಳ ನಡುಗತೊಡಗಿತು. ಆದರೂ ಅದು ಊಟ. ಅವ್ವ ಕೈಯಲ್ಲಿ ಉಳಿದ ಮುಟಗಿಯನ್ನು ಸೊಸೆಯ ಬಾಯಿಗಿಟ್ಟು ಒಳಗೆ ಹೋದಳು.

ಆಮೇಲೆ ನೆನೆಸಿದ ರೊಟ್ಟಿ, ಆಮೇಲೆ ಬಿಸಿ ರೊಟ್ಟಿಯ ನಡುಭಾಗ, ಆಮೇಲೆ ಅಂಚು. ಖಡಕ್ ರೊಟ್ಟಿಯನ್ನು ನಾನು ಅವಸರಪಟ್ಟು ಒಮ್ಮೆ ಕದ್ದು ಕಚ್ಚಿದೆ. ಕಿವಿಯ ಬುಡದಲ್ಲಿ ಸಿಡಿದಂತಾಗಿ, ಹೆಂಡತಿಯಿಂದ ಬೈಸಿಕೊಂಡೆ. ಅವಳು ಡಬ್ಬಿಯನ್ನೇ ಮೇಲಿನ ಅಟ್ಟಕ್ಕೆ ಏರಿಸಿಬಿಟ್ಟಳು. ಊಟದ ಹೊತ್ತಿಗೆ ತನ್ನ ಪಾಲಿನದನ್ನಷ್ಟೇ ಇಳಿಸಿಕೊಳ್ಳುವಳು.

ಶಾಲೆಗೆ ಮತ್ತೆ ಹೋಗತೊಡಗಿದೆ. ಮಳೆ ಶುರುವಾಗಿ, ಹೆಸರು ಬಿತ್ತಿ, ಹೊಲಗಳು ಹಸಿರಾದವು. ಒಂದು ರಾತ್ರಿಯೂಟಕ್ಕೆ ಮೂವರೂ ಕೂತಿದ್ದೆವು. ಹತ್ತನೆಯ ತರಗತಿಯ ಒಬ್ಬ ಹುಡುಗಿ ಪ್ರಯೋಗದ ಪರೀಕ್ಷೆಯಲ್ಲಿ ಅಯೋಡಿನ್ ಬಾಟಲಿಯನ್ನೇ ನನ್ನ ಅಂಗಿಗೆ ಚೆಲ್ಲಿದ ಕಥೆ ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ನೋಡಿದರೆ ಅವ್ವ, ಹೆಂಡತಿ ಇಬ್ಬರೂ ಉಣ್ಣುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದಾರೆ.

"ಏನಾತು?" ಎಂದೆ.

"ಏನಿಲ್ರಿ" ಎಂದಳು ಹೆಂಡತಿ. "ನನ್ನ ಗಂಗಾಳದಾಗಿನ ರೊಟ್ಟಿ ಎಲ್ಲಿ ಹೋತು ಅಂತ ನೋಡಾಕತ್ತೇನಿ."

ಕೆಳಗೆ ನೋಡಿದೆ. ಅವಳ ಪಾಲಿನ ಖಡಕ್ ರೊಟ್ಟಿಯನ್ನು ಮಾತಿನ ಭರದಲ್ಲಿ ಮುರಿಮುರಿದು ನಾನೇ ಮುಗಿಸಿದ್ದೆ. ಕೈಯಲ್ಲಿ ಕೊನೆಯ ಚೂರು ಉಳಿದಿತ್ತು. ನೋವು ಬಂದಿರಲಿಲ್ಲ. ಯಾವ ಹಲ್ಲಿನಿಂದ ಕಚ್ಚಿದೆ, ಎಷ್ಟು ಹೊತ್ತು ಅಗಿದೆ, ಒಂದೂ ನೆನಪಿರಲಿಲ್ಲ. ಅಷ್ಟು ದಿನ ಕಾದ ತುತ್ತು ಹಾಗೆ ಗೊತ್ತಾಗದೆ ಹೊಟ್ಟೆ ಸೇರಿತ್ತು.

ಅವಳು ಎದ್ದು, ಸ್ಟೂಲು ಹತ್ತಿ ಅಟ್ಟದಿಂದ ಡಬ್ಬಿ ಇಳಿಸಿದಳು. ನನ್ನ ಗಂಗಾಳಕ್ಕೆ ಒಂದು ಇಟ್ಟಳು, ತನಗೊಂದು ಇಟ್ಟುಕೊಂಡಳು. "ಮುಂದ ಹೇಳ್ರಿ" ಎಂದಳು. "ಆ ಹುಡುಗಿ ಏನಂದ್ಲು?"